ಒಂದೇ ಪೆನ್ನಿನ ದಫ್ತರ

ಕೂತಲ್ಲಿ ಕೂರುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಅನ್ನ ಕುದಿಯುವಷ್ಟರಲ್ಲಿ ಮೂರು ಸಲ ಮುಚ್ಚಳ ತೆಗೆದು ನೋಡುವವಳು ನಾನು. "ಇಂದೂ, ನಿನ್ನ ಕಾಲಾಗ ಇರುವಿ ಹೊಕ್ಕಾವೇನ?" ಎಂದು ಚಿಗವ್ವ ನಾನು ಲಂಗ ಹಾಕುತ್ತಿದ್ದಾಗ ಬೈಯುತ್ತಿದ್ದಳು, ನನಗೆ ಐವತ್ತು ತುಂಬಿದ ಮೇಲೂ ಅದನ್ನೇ ಬೈಯುತ್ತಾಳೆ. ಹೆತ್ತವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳ ತಂಗಿ, ಈ ಚಿಗವ್ವನೇ. ಈಗ ಅವಳ ಎದೆ ಸೋತಿದೆ. ಮೂಗಿಗೆ ನಳಿಕೆ ಹಾಕಿಕೊಂಡು, ಮಗ್ಗುಲಲ್ಲಿ ಆಕ್ಸಿಜನ್ ಸಿಲಿಂಡರ್ ನಿಲ್ಲಿಸಿಕೊಂಡು, ಅದನ್ನು "ನನ್ನ ಎರಡನೇ ಗಂಡ" ಎಂದು ಕರೆಯುತ್ತಾಳೆ. "ಮೊದಲಿನಾಂವ ನನ್ನ ಉಸಿರು ತಗದ, ಇಂವಾ ಕೊಡ್ತಾನ" ಎನ್ನುತ್ತಾಳೆ. ನನ್ನ ಮನೆಗೆ ಬಾ ಎಂದರೆ ಬರಲಿಲ್ಲ. "ನಿನ್ನ ಗಡಿಬಿಡ್ಯಾಗ ನನಗ ಉಸಿರಾಡಾಕ ಆಗೂದಿಲ್ಲ" ಎಂದು ತನ್ನ ಗೆಳತಿ ಪಾರವ್ವನ ಜೊತೆಗೇ ಉಳಿದಳು.

ನಮ್ಮೂರಲ್ಲಿ ಪ್ರತಿ ಅಮಾವಾಸ್ಯೆಯ ಬೆಳಗ್ಗೆ ಮನೆಗಳು ಜಾಗ ಬದಲಿಸುತ್ತವೆ. ಇದ್ದಲ್ಲೇ ಇರುವುದು ಕಚೇರಿ, ಆಸ್ಪತ್ರೆ, ಹತ್ತಿ ಮಿಲ್ಲು ಮತ್ತು ನೆಲದಡಿಯ ನೀರಿನ ಪೈಪು ಮಾತ್ರ. ಮನೆಗಳು ಒಳಗಿದ್ದವರ ಸಮೇತ ಎಲ್ಲೆಲ್ಲೋ ಹೋಗಿ ನಿಂತಿರುತ್ತವೆ, ಅವು ನಿಂತ ಹಾಗೆ ಓಣಿಗಳೂ ಸೊಟ್ಟಪಟ್ಟ ತಿರುಗಿರುತ್ತವೆ. ಗಡಿಗೆಯ ನೀರೂ ತುಳುಕುವುದಿಲ್ಲ. ಎದ್ದು ಕಿಟಕಿ ತೆರೆದರೆ ಹೊಸ ಓಣಿ, ಹೊಸ ನೆರೆ. ಇದಕ್ಕೆ ನಾವು ಸರಿಯುವ ದಿನ ಎನ್ನುತ್ತೇವೆ. ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ಮಿಲ್ಲಿನ ಸೈರನ್ನು, ನಮ್ಮ ಬಾಯಲ್ಲಿ ಭೋಂಗಾ, ಕೂಗುವವರೆಗೆ ತೆರೆದದ್ದನ್ನು ಯಾರೂ ಮುಚ್ಚುವಂತಿಲ್ಲ. ಬಾಗಿಲು, ಪೆಟ್ಟಿಗೆ, ಡಬ್ಬಿ, ಪುಸ್ತಕ, ಯಾವುದನ್ನೂ. ಮುಚ್ಚಿದವರ ಮನೆ ಮುಂದಿನ ಸಲ ಊರಾಚೆ ಹೋಗಿ ನಿಲ್ಲುತ್ತದೆ ಎಂದು ಹಿರಿಯರ ಮಾತು. ಹೊಸ ನೆರೆಯವರು ಸಕ್ಕರೆ ಹಿಡಿದು, ಹೇಳದೆ ಕೇಳದೆ ಒಳಗೆ ಬಂದು ಕೂರುತ್ತಾರೆ. ಉಪ್ಪಿನಕಾಯಿ ಭರಣಿಗೆ ನೊಣ ಮುತ್ತಿದರೆ ಕೈಯಿಂದ ಓಡಿಸುತ್ತೇವೆಯೇ ಹೊರತು ಮುಚ್ಚಳ ಹಾಕುವುದಿಲ್ಲ.

ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಬಾರದೇ ಎಂದು ಹೊರಗಿನವರು ಜಾಣತನ ತೋರಿಸುತ್ತಾರೆ. ಕೇಳಿ ನೋಡಿ. "ನೀಲಿ ಬಾಗಲದ ಮನಿ ಎದುರಿಗೆ ಅದೀನ್ರಿ" ಎನ್ನುತ್ತಾರೆ. ಆ ನೀಲಿ ಬಾಗಿಲು ಎಲ್ಲಿದೆ ಎಂದು ದೇವರೇ ಬಲ್ಲ. ದಾರಿ ತೋರಿಸುವ ಫೋನುಗಳು ನಮ್ಮ ಊರ ಗಡಿ ದಾಟಿದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತವೆ.

ನೀರಿನ ಕಚೇರಿ ನೆಲದಡಿಯ ವಾಲ್ವ್‌ಗಳನ್ನು ಎಣಿಸುತ್ತದೆ, ಅವು ಕದಲುವುದಿಲ್ಲ. ವಿದ್ಯುತ್ ಕಚೇರಿ ಮೀಟರುಗಳನ್ನು ಎಣಿಸುತ್ತದೆ. ಅವು ಮನೆಯ ಜೊತೆ ಹೋಗುತ್ತವೆ. ಆಸ್ಪತ್ರೆ ಮನುಷ್ಯರನ್ನು ಎಣಿಸುತ್ತದೆ. ಯಾವ ವಾಲ್ವ್ ಹತ್ತಿರ ಯಾವ ಮೀಟರು ಬಂದು ನಿಂತಿದೆ ಎಂದು ತಿಳಿದರೆ ಯಾರು ಎಲ್ಲಿದ್ದಾರೆ ಎಂದು ತಿಳಿಯುತ್ತದೆ. ಮೊದಲು ವಾರ್ಡಿನವರು ಓಣಿ ಓಣಿ ತಿರುಗಿ ಕಾಗದದ ಮೇಲೆ ಬರೆದು ತರುತ್ತಿದ್ದರು, ಸಂಜೆಯಾಗುತ್ತಿತ್ತು. ಅದಕ್ಕೇ ಚಿಗವ್ವನಂಥವರ ಮನೆಯಲ್ಲಿ ಆಸ್ಪತ್ರೆಯವರು ಎರಡು ಸಿಲಿಂಡರ್ ಹೆಚ್ಚಿಗೆ ಇಟ್ಟಿರುತ್ತಿದ್ದರು. ಈ ವರ್ಷ ಮೂರೂ ಕಚೇರಿಗಳ ಡೇಟಾ ಜೋಡಿಸುವ ಸಾಫ್ಟ್‌ವೇರ್ ಬಂತು, ಅದಕ್ಕೊಂದು ಜೋಡಣೆ ಕಚೇರಿ ಆಯಿತು, ಅದಕ್ಕೆ ನನ್ನನ್ನು ಮುಖ್ಯಸ್ಥೆ ಮಾಡಿದರು.

ಆ ಸಾಫ್ಟ್‌ವೇರ್‌ಗೆ ತನ್ನದೇ ಒಂದು ದಫ್ತರ ಬೇಕು. ಯಾವ ಕಚೇರಿಯ ಯಾವ ಕಾಲಂನಲ್ಲಿ ಏನಿದೆ, ಯಾವುದನ್ನು ಯಾವುದಕ್ಕೆ ಕೂಡಿಸಬೇಕು, ಹೇಗೆ ಕೂಡಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಅದು ಡೇಟಾ ಅಲ್ಲ, ಡೇಟಾದ ಜಾತಕ. ಕಾಗದಪತ್ರಗಳಲ್ಲಿ ಅದರ ಹೆಸರು ಮೆಟಾಡೇಟಾ ರೆಪಾಸಿಟರಿ. ನಮ್ಮೆಲ್ಲರ ಬಾಯಲ್ಲಿ ತಾಯಿ ದಫ್ತರ. ಸರಿಯುವ ದಿನ ಏಳು ವಾರ್ಡಿನ ಗುಮಾಸ್ತರೂ ತಮ್ಮ ತಮ್ಮ ಓಣಿಗಳ ಜೋಡಣೆಯನ್ನು ಅದರಲ್ಲೇ ತಿದ್ದಬೇಕು. ಅದು ಕೆಟ್ಟಿತೆಂದರೆ ಊರಿಗೆ ಊರೇ ಕಳೆದುಹೋದಂತೆ. ಅದನ್ನು ಯಾವ ಡೇಟಾಬೇಸಿನಲ್ಲಿ ಇಡಬೇಕೆಂದು ನಾನು ತೀರ್ಮಾನಿಸಬೇಕಿತ್ತು. ಸರಿಯುವ ದಿನಕ್ಕೆ ಹನ್ನೊಂದು ದಿನ ಉಳಿದಿತ್ತು.

ಪುರಸಭೆಯಲ್ಲಿ ಒಂದು ದೊಡ್ಡ ಡೇಟಾಬೇಸ್ ಇತ್ತು. ಅದರ ಕಾವಲಿಗೆ ಗುರುಪಾದಪ್ಪ ಇದ್ದ. "ಅಕ್ಕಾರ, ಒಂದು ಟೇಬಲ್ ಮಾಡಬೇಕಂದ್ರ ಮೂರು ಅರ್ಜಿ, ಮೂರು ವಾರ. ಸಾಕ್ಷಾತ್ ದೇವರು ಬಂದ್ರೂ ಅಷ್ಟ" ಎಂದ. ಮೂರು ವಾರ ಎಂಬುದನ್ನು ಕೇಳಿಯೇ ನಾನು ಎದ್ದು ಬಂದೆ. ಎರಡನೆಯದು ಯಾರು ಬೇಕಾದರೂ ತಂದು ಹಾಕಿಕೊಳ್ಳಬಹುದಾದ ಒಂದು ಡೇಟಾಬೇಸ್. ಆದರೆ ಅದನ್ನು ನಾವೇ ಕಟ್ಟಿ ನಾವೇ ನೋಡಿಕೊಳ್ಳಬೇಕು. ನನ್ನ ಕಚೇರಿಯ ಎಂಜಿನಿಯರ್ ಮೆಹರುನ್ನೀಸಾಳಿಗೆ ಅದೇ ಬೇಕಾಗಿತ್ತು. ಮೂರನೆಯದು ಸಾಫ್ಟ್‌ವೇರಿನ ಹೊಟ್ಟೆಯಲ್ಲೇ ಬಂದದ್ದು, ಒಂದೇ ಒಂದು ಫೈಲು. ಹಚ್ಚಿದರೆ ಹತ್ತಿಕೊಳ್ಳುತ್ತಿತ್ತು.

"ಇದರಾಗ ಒಂದ ಪೆನ್ನೈತಕ್ಕಾ," ಎಂದಳು ಮೆಹರು. "ಒಬ್ಬರು ತಿದ್ದಾಕ ತೆರದ್ರಂದ್ರ ಅವರು ಮುಚ್ಚೂತನಕ ಉಳದವರು ಕಾಯಬೇಕು. ಯಾರು ತೆರದಾರಂತನೂ ಹೇಳೂದಿಲ್ಲ. ಕಲಿಯಾಕ ಅಷ್ಟ ಬಳಸ್ರಿ ಅಂತ ಇದನ್ನ ಮಾಡಿದವರ ಬರದಾರ ನೋಡ್ರಿ."

"ಒಬ್ಬೊಬ್ಬರದು ಎರಡ ನಿಮಿಷದ ಕೆಲಸ. ಏಳು ಮಂದಿಗೆ ಹದಿನಾಲ್ಕು ನಿಮಿಷ. ಅದಕ್ಕ ನೀ ಒಂದು ಅರಮನಿ ಕಟ್ಟಾಕ ಹೊಂಟೀಯಲ್ಲ!" ಎಂದೆ.

ಪರೀಕ್ಷೆಯನ್ನೂ ಮಾಡಿದೆ. ಒಂದು ಮಂಗಳವಾರ ಏಳೂ ಗುಮಾಸ್ತರಿಗೆ ಹೇಳಿ ತೆರೆಸಿದೆ. ತೆರೆದರು, ತಿದ್ದಿದರು, ಮುಚ್ಚಿದರು. ಹದಿನೈದು ನಿಮಿಷ. ಮೆಹರು ಮಾತ್ರ ಮುಖ ಸಣ್ಣ ಮಾಡಿಕೊಂಡು, "ಸರಿಯೂ ದಿನಾನ ನೋಡಬೇಕಿತ್ತಕ್ಕಾ ಇದನ್ನ" ಎಂದಳು. "ಅದು ಬರೂದು ತಿಂಗಳಿಗೊಂದು ಸಲ. ಅಲ್ಲೀತನಕ ಕೈ ಕಟ್ಟಿ ಕೂಡ್ಲೇನು?" ಎಂದು ಅವಳ ಬಾಯಿ ಮುಚ್ಚಿಸಿದೆ. ನನ್ನ ಉತ್ಸಾಹ ಅಷ್ಟಕ್ಕೇ ನಿಲ್ಲಲಿಲ್ಲ. ವಾರ್ಡಿನವರು ಇನ್ನು ಕಾಗದ ಮುಟ್ಟಬಾರದು, ಎಲ್ಲವನ್ನೂ ಕೈಯಲ್ಲಿ ಹಿಡಿಯುವ ಯಂತ್ರದಲ್ಲೇ ಒತ್ತಬೇಕು ಎಂದು ಸುತ್ತೋಲೆ ಹೊರಡಿಸಿದೆ. ಬೆಳಗ್ಗೆ ಎಂಟೂವರೆಗೆಲ್ಲ ಮನೆಗಳು ಗೊತ್ತಾಗುತ್ತವೆ, ಹೆಚ್ಚಿನ ಸಿಲಿಂಡರ್ ಇಡುವುದು ಬೇಡ, ಇಲ್ಲದವರಿಗೆ ಕೊಡಿ ಎಂದು ಆಸ್ಪತ್ರೆಗೂ ಸಹಿ ಮಾಡಿ ಕಳಿಸಿದೆ.

"ನನ್ನ ಇಬ್ಬರು ಗಂಡಂದಿರನ್ನ ಓಡ್ಸಿದೆಲ್ಲ ಇಂದೂ," ಎಂದು ಚಿಗವ್ವ ನಕ್ಕಳು. ನಗುವಾಗ ಕೆಮ್ಮು ಬಂತು.

ಸರಿಯುವ ದಿನ ಐದಕ್ಕೇ ಎದ್ದೆ. ನನ್ನ ಮನೆ ಆರನೇ ವಾರ್ಡಿನ ಅಂಚಿಗೆ ಹೋಗಿ ಹತ್ತಿ ಮಿಲ್ಲಿನ ಗೋಡೆಗೆ ಆತು ನಿಂತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ತಾಯಿ ದಫ್ತರ ಏಳುತ್ತದೆಯೇ ಎಂದು ನೋಡಿದೆ. ಎದ್ದಿತು. ಚಹಾ ಕುಡಿಯುವಷ್ಟೂ ತಾಳ್ಮೆಯಿಲ್ಲದೆ, ಬಾಚಿದ ತಲೆಗೆ ಎಣ್ಣೆಯನ್ನೂ ಹಚ್ಚದೆ ಕಚೇರಿಗೆ ಓಡಿದೆ.

ಎಂಟೂವರೆಯಾಯಿತು, ಒಂದು ಮನೆಯೂ ಗೊತ್ತಾಗಲಿಲ್ಲ. ಒಂಬತ್ತಾಯಿತು. ಪರದೆಯ ಮೇಲೆ "ಬೇರೊಬ್ಬರು ತಿದ್ದುತ್ತಿದ್ದಾರೆ, ಕಾಯಿರಿ" ಎಂಬ ಒಂದೇ ಸಾಲು. ವಾರ್ಡುಗಳಿಂದ ಒಂದರ ಮೇಲೊಂದು ಫೋನು, ಅವರಿಗೂ ಅದೇ ಸಾಲು. ಮೆಹರು ತಲೆ ಮೇಲೆ ಕೈ ಇಟ್ಟಳು. "ಅಕ್ಕಾ, ಇವತ್ತ ಯಾರು ಏನ ತೆರದ್ರೂ ಮುಚ್ಚೂದಿಲ್ಲ. ಯಾರೋ ಒಬ್ಬರು ತೆರದು ಹಂಗ ಬಿಟ್ಟಾರ."

ಮಂಗಳವಾರ ಎಲ್ಲರೂ ಚಂದವಾಗಿ ಮುಚ್ಚಿದ್ದರು. ಮಂಗಳವಾರ ಯಾರು ಬೇಕಾದರೂ ಮುಚ್ಚುತ್ತಾರೆ! ಹುಟ್ಟಿದಾಗಿನಿಂದ ಈ ಊರಲ್ಲಿದ್ದೂ ಇಷ್ಟು ನನ್ನ ತಲೆಗೆ ಹೊಳೆದಿರಲಿಲ್ಲ. "ಬಲವಂತದಿಂದ ಕಿತ್ತುಬಿಡು" ಎಂದೆ. "ಫೈಲ ಒಡದುಹೋದ್ರ? ಇವತ್ತಿಗಲ್ಲ, ನಾಳಿಗೂ ಯಾರೂ ಸಿಗೂದಿಲ್ಲ" ಎಂದಳು. ಅವಳ ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಪಾರವ್ವ ಫೋನ್ ಮಾಡಿದಳು. "ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದೈತಿ ಇಂದೂ. ಹನ್ನೊಂದರ ಮ್ಯಾಲ ತಡಿಯೂದಿಲ್ಲ ಇದು. ಗಾಡಿ ಯಾವಾಗ ಬರ್ತೈತಿ?" ಎಲ್ಲಿದ್ದೀರಿ ಎಂದರೆ, "ಒಂದು ಹಸರು ಗೋಡಿ ಕಾಣ್ತೈತಿ, ಒಂದು ಆಕಳ ಕಟ್ಟ್ಯಾರ" ಎಂದಳು. ಹಿಂದಿನಿಂದ ಚಿಗವ್ವನ ಉಸಿರಿನ ಸದ್ದು ಕೇಳುತ್ತಿತ್ತು, ಸಾಣಿಗೆಯಲ್ಲಿ ಹಿಟ್ಟು ಸೋಸಿದ ಹಾಗೆ. ಆಸ್ಪತ್ರೆಯ ಗಾಡಿ ಓಡಿಸುವ ಯಲಗೂರ್ದಪ್ಪ ನಮ್ಮ ಕಚೇರಿಯ ಮುಂದೆಯೇ ಕಾಯುತ್ತಿದ್ದ. "ಕುಂತು ಏನ್ ಮಾಡೂದ್ರೀ, ಹೆಸರು ಕೂಗಿಕೋಂತ ಹೊಕ್ಕೀನಿ. ನಂಬರು ಸಿಕ್ಕ ಕೂಡ್ಲೆ ಹೇಳ್ರಿ" ಎಂದು ಗಾಡಿ ತೆಗೆದ. ಮೂರು ಸಾವಿರ ಮನೆಯ ಊರಲ್ಲಿ ಕೂಗಿಕೊಂಡು ಹೋದರೆ ಎಲ್ಲಿಗೆ ಮುಟ್ಟಬೇಕು?

ಮೆಹರು ಒಬ್ಬೊಬ್ಬರೇ ಗುಮಾಸ್ತರಿಗೆ ಫೋನ್ ಮಾಡಿ ಮುಚ್ಚಲು ಬೇಡಿಕೊಂಡಳು. ಭೋಂಗಾ ಆಗುವ ಮೊದಲು ಮುಚ್ಚುವುದೇ? ಕೈಮುಗಿದಳು, ಅತ್ತಳು, ಕೊನೆಗೆ ಆರು ಮಂದಿ ದೇವರ ಹೆಸರು ಹೇಳಿ ಮುಚ್ಚಿದರು. ನಾಲ್ಕನೇ ವಾರ್ಡಿನ ಸಾವಂತ್ರಿ ಮಾತ್ರ ಫೋನ್ ಎತ್ತಲಿಲ್ಲ. ಸಾವಂತ್ರಿ ನಿಧಾನದ ಹೆಂಗಸು, ಒಂದು ಅಕ್ಷರ ಒತ್ತಲು ಕನ್ನಡಕ ಎರಡು ಸಲ ಒರೆಸುವವಳು. ಅವಳೇ ಎಂದು ನನಗೆ ಖಾತ್ರಿಯಾಯಿತು. ಖಾತ್ರಿಯಾಗಲು ನನಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ನಾಲ್ಕನೇ ವಾರ್ಡಿಗೆ ಓಡಿದೆ. ಕಚೇರಿಯ ತುಂಬ ಹೊಸದಾಗಿ ಆ ವಾರ್ಡಿಗೆ ಬಂದವರು ಸಾಲಾಗಿ ಪಾಳಿ ಹಚ್ಚಿ ನಿಂತಿದ್ದರು. ಸಾವಂತ್ರಿಯ ಫೋನು ಬಡಕೊಳ್ಳುತ್ತಿದ್ದರೂ ಆ ಗದ್ದಲದಲ್ಲಿ ಅವಳಿಗೆ ಕೇಳಿಸಿರಲಿಲ್ಲ. ಅವಳ ಮುಂದೆ ತಾಯಿ ದಫ್ತರದ ಪರದೆ ತೆರೆದೇ ಇತ್ತು.

"ಬಂದ್ ಮಾಡ ಅದನ್ನ!" ಎಂದೆ.

"ಅಕ್ಕಾರ, ನನ್ನ ಪಾಳಿನ ಬಂದಿಲ್ರೀ. ಮುಂಜಾನಿಂದ ಕಾಯಿರಿ ಅಂತನ ತೋರ್ಸಾಕತ್ತೈತಿ..."

"ಸುಳ್ಳು ಹೇಳಬ್ಯಾಡ! ಎಲ್ಲಾರೂ ಮುಚ್ಯಾರ, ನಿಂದೊಂದ ಉಳದೈತಿ. ನಿನ್ನ ಸಲುವಾಗಿ ನಮ್ಮ ಚಿಗವ್ವ ಸತ್ರ ಆ ಪಾಪ ನಿನ್ನ ತಲಿ ಮ್ಯಾಲ, ನಿನ್ನ ಮಕ್ಕಳ ತಲಿ ಮ್ಯಾಲ!"

ಪಾಳಿಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಸಾವಂತ್ರಿ ನನ್ನ ಮುಖ ನೋಡಿದಳು. ಭೋಂಗಾಕ್ಕೆ ಇನ್ನೂ ಒಂದೂವರೆ ತಾಸು ಇರುವಾಗ, ಅಷ್ಟೂ ಜನರ ಎದುರು ಅದನ್ನು ಮುಚ್ಚಿದಳು. ಒಬ್ಬ ಮುದುಕಿ "ಶಿವಾ ಶಿವಾ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು.

ಹೊರಗೆ ಬಂದು ಫೋನ್ ಮಾಡಿದೆ. "ಬಿಡ್ತೇನ?" "ಇಲ್ಲಕ್ಕಾ," ಎಂದಳು ಮೆಹರು. ಆಮೇಲೆ ಬಹಳ ಮೆತ್ತಗೆ, "ಏಳೂ ವಾರ್ಡು ಮುಚ್ಯಾವ. ಆದ್ರ ತಿದ್ದೂ ಅಧಿಕಾರ ಎಂಟ ಮಂದಿಗೈತಿ" ಎಂದಳು.

ಎಂಟನೆಯವಳು ನಾನು. ಅಡುಗೆಮನೆಯ ಕಟ್ಟೆ ಕಣ್ಣ ಮುಂದೆ ಬಂತು. ಏಳುತ್ತದೆಯೇ ಎಂದು ನೋಡಿದೆ, ಎದ್ದಿತು, ಓಡಿ ಬಂದೆ. ಮುಚ್ಚಬೇಕೆಂದು ಅನ್ನಿಸಿಯೇ ಇರಲಿ‌ಲ್ಲ. ಸರಿಯುವ ದಿನ ಮುಚ್ಚಬೇಕೆಂದು ನಮ್ಮೂರಲ್ಲಿ ಯಾರ ಕೈಗೂ ಅನ್ನಿಸುವುದಿಲ್ಲ.

ಹೇಗೆ ಓಡಿದೆನೋ ಗೊತ್ತಿಲ್ಲ. ಚಪ್ಪಲಿಯ ಉಂಗುಷ್ಠ ಕಿತ್ತು ಬಂತು, ಎರಡನ್ನೂ ಬಿಸಾಕಿ ಬರಿಗಾಲಲ್ಲಿ ಓಡಿದೆ. ಮನೆಯಲ್ಲಿ ಹೊಸ ನೆರೆಯ ಇಬ್ಬರು ಹೆಂಗಸರು ಸಕ್ಕರೆ ಬಟ್ಟಲು ಹಿಡಿದು ಚಾಪೆಯ ಮೇಲೆ ಕೂತಿದ್ದರು. "ಬರ್ರೀ, ನಿಮ್ಮನ್ನ ಕಾಯಾಕತ್ತಿದ್ವಿ" ಎಂದರು. ನಾನು ಅವರನ್ನು ದಾಟಿ ಹೋಗಿ ತಾಯಿ ದಫ್ತರ ಮುಚ್ಚಿದೆ, ಲ್ಯಾಪ್‌ಟಾಪ್ ಮುಚ್ಚಿದೆ. "ಅಯ್ಯ ನಮ್ಮವ್ವ, ಇದೇನ ಮಾಡಿದ್ರಿ!" ಎಂದು ಇಬ್ಬರೂ ಎದ್ದು ನಿಂತರು. ನನಗೆ ನಾಚಿಕೆಯೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು, ಎರಡಕ್ಕೂ ಹೊತ್ತಿರಲಿಲ್ಲ. ಫೋನಿನಲ್ಲಿ ಮೆಹರು ಕೂಗುತ್ತಿದ್ದಳು: "ಬಂತಕ್ಕಾ, ಬಂತು!"

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಚಿಗವ್ವನ ಮನೆಯ ವಾಲ್ವ್ ನಂಬರು ಸಿಕ್ಕಿತು. ಹನ್ನೊಂದೂಕಾಲಿಗೆ ಯಲಗೂರ್ದಪ್ಪ ಸಿಲಿಂಡರ್ ಹೆಗಲ ಮೇಲೆ ಹೊತ್ತು ಒಳಗೆ ನುಗ್ಗಿದ. ಅಷ್ಟರಲ್ಲಿ ಮುಳ್ಳು ಸೊನ್ನೆಗೆ ಬಂದು ಹದಿನೈದು ನಿಮಿಷವಾಗಿತ್ತು. ಚಿಗವ್ವನ ತುಟಿ ನೇರಳೆ ಹಣ್ಣು ತಿಂದ ಹಾಗಾಗಿತ್ತು, ಪಾರವ್ವ ಬೀಸಣಿಗೆ ಬೀಸುತ್ತ ಅಳುತ್ತಿದ್ದಳು. ಚಿಗವ್ವ ಉಳಿದಳು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ನಾಲ್ಕನೆಯ ದಿನ ಅವಳಾಡಿದ ಮೊದಲ ಮಾತು, "ಆ ನಾಕನೇ ವಾರ್ಡಿನಾಕಿ ಅಂತಲ್ಲ, ಅಕೀದು ಏನ ತಪ್ಪು ಆತಂತ?" ಎಂದು.

ನಾಲ್ಕನೇ ವಾರ್ಡಿನವಳದೇ ತಪ್ಪು ಎಂದು ಊರೆಲ್ಲ ಮಾತು ಹಬ್ಬಿತ್ತು. ಸಾವಂತ್ರಿ ಅಂಗಡಿಗೆ ಹೋದರೆ ಜನ ಬೆನ್ನು ಹಾಕುತ್ತಿದ್ದರಂತೆ. ಆ ಒಂದೇ ಪೆನ್ನಿನ ದಫ್ತರ ಯಾರ ಕೈಯಲ್ಲಿ ಪೆನ್ನಿತ್ತು ಎಂಬುದನ್ನು ಬರೆದಿಟ್ಟುಕೊಳ್ಳುವುದಿಲ್ಲ. ಗೊತ್ತಿದ್ದವಳು ಮೆಹರು ಒಬ್ಬಳೇ, ಅವಳು ನನ್ನ ಮುಖ ನೋಡುತ್ತಿದ್ದಳೇ ಹೊರತು ಏನೂ ಅನ್ನಲಿಲ್ಲ. ಮುಖ್ಯಾಧಿಕಾರಿ ಹಂಚಿನಮನಿ ಸಾಹೇಬರು ಸಾವಂತ್ರಿಗೆ ನೋಟಿಸ್ ಕೊಡಲು ಹೊರಟಾಗ, "ಬ್ಯಾಡ್ರಿ ಸರ, ಡೇಟಾಬೇಸಿನ ದೋಷ ಅದು" ಎಂದೆ. ಅಷ್ಟು ಹೇಳಿದ್ದಕ್ಕೇ ನಾನು ದೊಡ್ಡ ಮನಸ್ಸಿನವಳು ಎಂದು ಸಾಹೇಬರು ಹೊಗಳಿದರು. ಹೊಗಳಿಸಿಕೊಂಡು ಬಂದೆ, ಥೂ.

ಡೇಟಾಬೇಸ್ ಬದಲಾಯಿತು. ಮೆಹರು ಹೇಳಿದ್ದನ್ನೇ ಆರಿಸಿ ಸಹಿ ಹಾಕಿದೆ. ಅದರಲ್ಲಿ ಏಳು ಮಂದಿಯಲ್ಲ, ಎಪ್ಪತ್ತು ಮಂದಿ ಒಟ್ಟಿಗೆ ತಿದ್ದಬಹುದು. ತೆರೆದು ಹಾಗೇ ಬಿಟ್ಟು ಹೋದವರ ಕೈಯಿಂದ ಐದು ನಿಮಿಷಕ್ಕೆ ತಾನೇ ಪೆನ್ನು ಬಿಡಿಸಿಕೊಳ್ಳುತ್ತದೆ. ಯಾರು ಎಂದು ಹೆಸರೂ ಬರೆದಿಡುತ್ತದೆ. ಅದನ್ನು ಕಟ್ಟಲು ಹದಿನಾರು ದಿನ ಹಿಡಿಯಿತು. ಆ ಹದಿನಾರು ದಿನ ನಾನು ಒಂದು ಸಲವೂ ಅವಸರ ಮಾಡಲಿಲ್ಲ, ಆದರೆ ಒಂದು ಹೊತ್ತೂ ನೆಟ್ಟಗೆ ಊಟ ಮಾಡಲಿಲ್ಲ, ಮಲಗಲಿಲ್ಲ. ಕೂತರೆ ಸಾವಂತ್ರಿ, ನಿಂತರೆ ಸಾವಂತ್ರಿ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಅವಳ ಮನೆಗೆ ಹೋದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ನಿಂತೇ ಹೇಳಿದೆ: "ಸಾವಂತ್ರಿ, ತೆರೆದಿಟ್ಟಾಕಿ ನಾನು. ನಿಂದೇನೂ ತಪ್ಪಿರಲಿಲ್ಲ. ನನ್ನ ಕ್ಷಮಿಸು."

ಅವಳು ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು. "ನಿಮ್ಮ ಚಿಗವ್ವ ಆರಾಮದಾರ್ರೀ?"

"ಅದಾಳ."

"ಚಲೋ ಆತು. ದಿನಾ ದೇವರಿಗೆ ಕೇಳ್ಕೋತಿದ್ದೆ, ಅವರಿಗೆ ಏನೂ ಆಗಬಾರದಪಾ ಅಂತ. ನನ್ನ ಕೈಲೆ ಆಗೇತೇನೋ ಅಂತ ನನಗೂ ಅನಸಾಕತ್ತಿತ್ತು." ಒಂದು ಕಾಯಿ ಬಿಡಿಸಿದಳು. "ಅಕ್ಕಾರ, ಬೈಯೂ ಮುಂದ ನಾಲ್ವತ್ತೊಂದು ಮಂದಿ ಎದುರಿಗೆ ಬೈದ್ರಿ. ನನ್ನ ಮಕ್ಕಳನ್ನೂ ಬಿಡಲಿಲ್ಲ. ಈಗ ಮನಿಗೆ ಬಂದು ಕಿವ್ಯಾಗ ಹೇಳ್ತೀರಿ. ಸಿಟ್ಟಿನಾಗ ಕೊಯ್ದ ಮೂಗು ಹಿಂಗ ಬರ್ತೈತೇನ್ರಿ?"

"ಏನ್ ಮಾಡ್ಲಿ, ಹೇಳು."

ಅವಳು ಒಳಗೆ ಹೋಗಿ ಒಂದು ಹಾಳೆ ತಂದಳು. ಅವತ್ತು ದಫ್ತರ ಬಿಡದಿದ್ದಾಗ, ನನ್ನ ಸುತ್ತೋಲೆಯನ್ನು ಬದಿಗಿಟ್ಟು, ಪಾಳಿಯಲ್ಲಿದ್ದವರ ಹೆಸರನ್ನೆಲ್ಲ ಒಂದೊಂದಾಗಿ ಕೈಯಿಂದ ಬರೆದುಕೊಂಡಿದ್ದಳು. ನಾಲ್ವತ್ತೊಂದು ಹೆಸರು. "ಇವರಿಗೆ ಹೇಳ್ರಿ."

ಎರಡು ದಿನದಲ್ಲಿ ಹೇಳಿ ಮುಗಿಸಬಹುದಿತ್ತು, ಎಲ್ಲರೂ ಅದೇ ವಾರ್ಡಿನಲ್ಲಿದ್ದರು. ನನ್ನ ಕಾಲೇ ಏಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ಕೂತಲ್ಲೇ ಕೂತೆ. ಅಮಾವಾಸ್ಯೆ ಬಂತು, ನಾಲ್ವತ್ತೊಂದು ಮನೆಗಳೂ ಏಳು ವಾರ್ಡಿಗೆ ಚದುರಿಹೋದವು.

ಹೊಸ ಡೇಟಾಬೇಸ್ ಅವತ್ತು ಹೂವಿನ ಹಾಗೆ ನಡೆಯಿತು. ಎಂಟೂ ಹತ್ತಕ್ಕೆ ಚಿಗವ್ವನ ಸಿಲಿಂಡರ್ ಮುಟ್ಟಿತು. ಎಲ್ಲರೂ ಕೈ ಕುಲುಕಿದರು. ನಾನು ಮೆಹರುವಿನ ಮುಂದೆ ಆ ಹಾಳೆ ಇಟ್ಟು, "ಇವರೆಲ್ಲ ಈಗ ಎಲ್ಲೆಲ್ಲಿ ಅದಾರ, ತಗದು ಕೊಡು" ಎಂದೆ. ಅವಳು ಹೆಸರುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಕಣ್ಣೊರೆಸಿಕೊಂಡು ತೆಗೆದು ಕೊಟ್ಟಳು.

ಸಾವಂತ್ರಿ ನಾನೂ ಬರುತ್ತೇನೆ ಎಂದಳು. "ನೀವು ಹೇಳೂದನ್ನ ನಾನೂ ಕೇಳಬೇಕಲ್ರೀ" ಎಂದು ಮುಂದೆ ಮುಂದೆ ನಡೆದಳು, ತನ್ನ ನಿಧಾನದ ನಡಿಗೆಯಲ್ಲಿ. ನಾನು ಅವಳ ಹಿಂದೆ. ಎರಡು ದಿನದಿಂದ ನಡೆಯುತ್ತಿದ್ದೇವೆ. ಕೆಲವರು ಚಹಾ ಕೊಟ್ಟರು. ಕೆಲವರು "ಯಾವಾಗಿನ ಮಾತವ್ವಾ ಅದು" ಎಂದರು. ಒಬ್ಬ ಹೆಂಗಸು ನನ್ನ ಮಾತು ಮುಗಿಯುವ ಮೊದಲೇ ಸಾವಂತ್ರಿಯ ಕೈ ಹಿಡಿದು, ತಾನೂ ನಾಲ್ಕು ಮನೆಗೆ ಹೇಳಿದೆ, ತಪ್ಪಾಯಿತು ಎಂದು ಅತ್ತಳು. ಇಪ್ಪತ್ತಮೂರನೆಯ ಮನೆಯಲ್ಲಿ ಒಬ್ಬ ಮುದುಕ ಕಟ್ಟೆಯ ಮೇಲೆ ಕೂತಿದ್ದ. ಹೇಳಿದೆ. ಅವನು ಕೈಯನ್ನು ಕಿವಿಯ ಹಿಂದೆ ಹಿಡಿದು "ಹಾಂ?" ಎಂದ. ಮತ್ತೆ ಹೇಳಿದೆ. "ಹಾಂ?"

"ಅಜ್ಜಗ ಕಿವಿ ಮಂದ ಅದಾವ್ರಿ ಅಕ್ಕಾರ. ಗಟ್ಟ್ಯಾಗಿ ಹೇಳ್ರಿ," ಎಂದಳು ಸಾವಂತ್ರಿ. "ಅವತ್ತಿನ ಗತೆ."

ಅವತ್ತು ಕೂಗಿದಷ್ಟೇ ಗಟ್ಟಿಯಾಗಿ ಕೂಗಿದೆ: "ತಪ್ಪು ಸಾವಂತ್ರಿದಲ್ಲ! ನಂದು! ತೆರದಿಟ್ಟಾಕಿ ನಾನು!" ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನಿಂತರು. ಅವರ ಕಡೆ ತಿರುಗಿ ಇನ್ನೊಮ್ಮೆ ಕೂಗಿದೆ. ಮುದುಕ ತಲೆಯಾಡಿಸಿದ. ಸಾವಂತ್ರಿ ಕನ್ನಡಕ ಒರೆಸಿಕೊಂಡು, ಹಾಳೆಯನ್ನು ಬಿಚ್ಚಿ, ಅವನ ಹೆಸರಿನ ಮುಂದೆ ಒಂದು ಗೀಟು ಎಳೆದಳು.

"ಇನ್ನ ಹದಿನೆಂಟು ಅಕ್ಕಾರ," ಎಂದಳು.